ಹ್ಯಾಂಡಲ್ ಬ್ಯಾಗಿನ ಕಾಟ: ಹೊಸದು ಕೊಳ್ಳುವ ಮೊದಲು ಎಲ್ಲೆಲ್ಲಿ ನೋಡಬೇಕು

ಚಾರ್ಮಾಡಿ ಘಾಟಿ ಇಳಿಯುವಾಗ ನನ್ನ ಸೈಕಲ್ಲಿನ ಹ್ಯಾಂಡಲ್ ಇದ್ದಕ್ಕಿದ್ದಂತೆ ಗಡಗಡ ನಡುಗತೊಡಗಿತು. ಕೊಟ್ಟಿಗೆಹಾರದಲ್ಲಿ ಹೊಟ್ಟೆ ತುಂಬ ನೀರುದೋಸೆ ತಿಂದು ಖುಷಿಯಾಗಿ ಹೊರಟಿದ್ದೆ. ಹ್ಯಾಂಡಲ್‌ಗೆ ಕಟ್ಟಿದ ಬ್ಯಾಗಿನಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗು, ಸ್ಟವ್, ಪಾತ್ರೆ ಎಲ್ಲ ಇದ್ದವು. ಅದು ನಾನು ಕೊಂಡ ಎರಡನೇ ಬ್ಯಾಗು. ಮೊದಲನೆಯದು ನಂದಿ ಬೆಟ್ಟದ ದಾರಿಯಲ್ಲಿ ಅಲ್ಲಾಡಿತು ಅಂತ ಮೂಲೆಗೆ ಹಾಕಿದ್ದೆ. ಇದೂ ಹೀಗೇ ಆಯಿತಲ್ಲ, ಮೂರನೆಯದಕ್ಕೆ ದುಡ್ಡು ಕೂಡಿಡಬೇಕು ಅಂದುಕೊಳ್ಳುತ್ತಾ ಹೇಗೋ ಇಳಿದು ಉಜಿರೆ ತಲುಪಿದೆ.

ಅಲ್ಲಿ ಸೈಕಲ್, ಬೈಕು ಎರಡೂ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಬ್ಯಾಗಿನ ಕಡೆ ನೋಡಲೂ ಇಲ್ಲ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಒಮ್ಮೆ ಜಗ್ಗಿದರು. "ಬ್ಯಾಗಿದ್ದು ಎಂಥ ತಪ್ಪುಂಟು ಮಾರಾಯ್ರೇ? ಕೋನ್ ಸೆಟ್ ಲೂಸ್ ಉಂಟು ನೋಡಿ" ಅಂದರು. ಕೋನ್ ಸೆಟ್ ಅಂದರೆ ಹೆಡ್‌ಸೆಟ್, ಫ್ರೇಮಿನಲ್ಲಿ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗು. ಐದು ನಿಮಿಷದ ಕೆಲಸ. ಚಹಾ ತಣ್ಣಗಾಗುವಷ್ಟರಲ್ಲಿ ಮುಗಿಯಿತು.

ಅಲ್ಲಿಂದ ಮುಂದೆ ಯಾರಾದರೂ "ಯಾವ ಹ್ಯಾಂಡಲ್ ಬ್ಯಾಗ್ ತಗೊಳ್ಳಲಿ, ಈಗಿರೋದು ಸರಿ ಇಲ್ಲ" ಅಂದರೆ ನಾನು ಮೊದಲು ಕೇಳುವುದು "ಏನು ಸರಿ ಇಲ್ಲ?" ಅಂತ. ಆ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ಜನಕ್ಕೆ ಹೊಸ ಬ್ಯಾಗು ಬೇಕೇ ಇರುವುದಿಲ್ಲ. ಉಳಿದವರಿಗೆ ಎಂಥದ್ದು ಬೇಕು ಅನ್ನುವುದೂ ಅಲ್ಲೇ ತಿಳಿಯುತ್ತದೆ.

ಅಲ್ಲಾಡುತ್ತಿದೆ. ಆದರೆ ಅಲ್ಲಾಡುತ್ತಿರುವುದು ಯಾವುದು?

ಎಲ್ಲರೂ "ಅಲ್ಲಾಡುತ್ತೆ" ಅಂತ ಒಂದೇ ಮಾತಿನಲ್ಲಿ ಹೇಳುತ್ತಾರೆ. ಇದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲನೆಯದು, ಬ್ಯಾಗು ಮಾತ್ರ ತೂಗಾಡುವುದು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಮುಂದಿನ ಚಕ್ರವನ್ನು ಎರಡು ಕಾಲುಗಳ ನಡುವೆ ಹಿಡಿದುಕೊಳ್ಳಿ. ತುಂಬಿದ ಬ್ಯಾಗನ್ನು ಕೈಯಿಂದ ಎಡಕ್ಕೆ, ಬಲಕ್ಕೆ, ಮೇಲಕ್ಕೆ ತಳ್ಳಿ. ಹ್ಯಾಂಡಲ್ ನಿಂತಲ್ಲೇ ನಿಂತು ಬ್ಯಾಗು ಮಾತ್ರ ತೊಟ್ಟಿಲಿನ ಹಾಗೆ ತೂಗಿದರೆ ಇದೇ ಕೇಸು. ಸಾಮಾನ್ಯವಾಗಿ ಕಾರಣ ಎರಡು. ಬ್ಯಾಗು ಗಟ್ಟಿಯಾಗಿ ತುಂಬಿರುವುದಿಲ್ಲ, ಒಳಗೆ ಗಾಳಿ ಇರುತ್ತದೆ. ಇಲ್ಲವೇ ಮೇಲಿನ ಎರಡು ಪಟ್ಟಿ ಮಾತ್ರ ಕಟ್ಟಿರುತ್ತೀರಿ, ಹಿಂದೆ ಫ್ರೇಮಿನ ತಲೆಗೊಳವೆಗೆ (ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆ) ಸುತ್ತುವ ಮೂರನೇ ಪಟ್ಟಿಯನ್ನು ಮರೆತಿರುತ್ತೀರಿ. ನನ್ನ ಮೊದಲ ಬ್ಯಾಗಿನ ಕಥೆ ಇದೇ. ಆ ಮೂರನೇ ಪಟ್ಟಿ ಏನಕ್ಕೆ ಅಂತ ಗೊತ್ತಾಗದೆ ಬಿಚ್ಚಿ ಡ್ರಾಯರಿನಲ್ಲಿ ಇಟ್ಟಿದ್ದೆ! ಸ್ಲೀಪಿಂಗ್ ಬ್ಯಾಗನ್ನು ಮಂಡಿಯಿಂದ ಒತ್ತಿ ಗಾಳಿ ತೆಗೆಯಿರಿ, ಆಮೇಲೆ ಬಾಯಿ ಸುತ್ತಿ, ಪಟ್ಟಿ ಬಿಗಿಯಿರಿ. ಹತ್ತು ಕಿಲೋಮೀಟರ್ ಹೋದ ಮೇಲೆ ನಿಂತು ಇನ್ನೊಮ್ಮೆ ಬಿಗಿಯಿರಿ. ಸಾಮಾನು ಕೂತುಕೊಂಡ ಮೇಲೆ ಪಟ್ಟಿ ಸಡಿಲವಾಗಿಯೇ ಆಗುತ್ತದೆ.

ಎರಡನೆಯದು, ನಿಧಾನ ಹೋಗುವಾಗ ಹ್ಯಾಂಡಲ್ ಭಾರವಾಗಿ ತಾನಾಗಿ ಒಂದು ಕಡೆ ಬಿದ್ದುಕೊಳ್ಳುವುದು. ಏರಿನಲ್ಲಿ ಜಾಸ್ತಿ ಗೊತ್ತಾಗುತ್ತದೆ. ಸೈಕಲ್ ನೇರ ಹೋಗುವುದಿಲ್ಲ, ಹಾವಿನ ಹಾಗೆ ಹೋಗುತ್ತದೆ. ಇಲ್ಲಿ ಬ್ಯಾಗು ಎಷ್ಟೇ ಬಿಗಿಯಾಗಿದ್ದರೂ ಉಪಯೋಗವಿಲ್ಲ. ಕಾರಣ ತೂಕ, ಮತ್ತು ಆ ತೂಕ ಹ್ಯಾಂಡಲ್‌ನಿಂದ ಎಷ್ಟು ಮುಂದಕ್ಕೆ ಚಾಚಿದೆ ಅನ್ನುವುದು. ಒಂದು ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ನಿಮಗೇ ಗೊತ್ತಲ್ವಾ?

ಇದರ ಹಿಂದೆ ಸೈಕಲ್ಲಿನ ಅಳತೆಯ ವಿಷಯವೂ ಇದೆ. ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ತಿರುಗುವ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಆ ಅಂತರಕ್ಕೆ ಟ್ರೇಲ್ ಅನ್ನುತ್ತಾರೆ. ಡಾಂಬರು, ಮಣ್ಣು ಎರಡೂ ದಾರಿಗೆ ಆಗುವ ಈಗಿನ ಗ್ರಾವೆಲ್ ಸೈಕಲ್‌ಗಳಲ್ಲಿ ಇದು ಸುಮಾರು 60ರಿಂದ 70 ಮಿ.ಮೀ. ಇರುತ್ತದೆ. ಮುಂದೆ ಭಾರ ಇಲ್ಲದಾಗ ಇದು ಹಾಯಾಗಿರುತ್ತದೆ, ಭಾರ ಕಟ್ಟಿದಾಗ ಹ್ಯಾಂಡಲ್ ಬಿದ್ದುಕೊಳ್ಳುತ್ತದೆ. ಫ್ರಾನ್ಸಿನ ಹಳೇ ರಾಂಡೊನೆರ್ (ದೂರ ಪ್ರಯಾಣದ) ಸೈಕಲ್‌ಗಳನ್ನು ಮುಂದೆ ದೊಡ್ಡ ಬ್ಯಾಗು ಇಡುವುದಕ್ಕೆ ಅಂತಲೇ ಮಾಡಿದ್ದರು. ಅವುಗಳಲ್ಲಿ ಟ್ರೇಲ್ 30ರಿಂದ 40 ಮಿ.ಮೀ. ಅಷ್ಟೇ. ಬ್ಯಾಗು ಹ್ಯಾಂಡಲ್‌ಗೆ ನೇತಾಡುತ್ತಲೂ ಇರಲಿಲ್ಲ, ಚಕ್ರದ ಮೇಲಿನ ಪುಟ್ಟ ಕ್ಯಾರಿಯರ್ ಮೇಲೆ ಕೂತಿರುತ್ತಿತ್ತು. ಅವರ ಫೋಟೋ ನೋಡಿ ಹಾಗೇ ಚಂದದ ಪೆಟ್ಟಿಗೆ ಬ್ಯಾಗು ತಂದು ನಮ್ಮ ಸೈಕಲ್ಲಿಗೆ ನೇತುಹಾಕಿದರೆ ಅದೇ ಸುಖ ಸಿಗುವುದಿಲ್ಲ.

ಮದ್ದು ಸುಲಭ, ಮನಸ್ಸಿಗೆ ಮಾತ್ರ ಕಷ್ಟ. ಲಗೇಜು ತೂಗುವ ಕೊಕ್ಕೆ ತಕ್ಕಡಿ ತಂದು ಬ್ಯಾಗನ್ನು ತೂಗಿ. ನನ್ನದು 5 ಕಿಲೋ ದಾಟಿತ್ತು. ನಾನು 3 ಕಿಲೋ ಇರಬಹುದು ಅಂದುಕೊಂಡಿದ್ದೆ. ಹ್ಯಾಂಡಲ್‌ನಲ್ಲಿ ಇರಬೇಕಾದ್ದು ಹಗುರ ಮತ್ತು ದಪ್ಪ ಸಾಮಾನು: ಸ್ಲೀಪಿಂಗ್ ಬ್ಯಾಗು, ಮ್ಯಾಟು, ಜಾಕೆಟ್ಟು, ಟೆಂಟಿನ ಬಟ್ಟೆ. ಸ್ಟವ್, ಪಾತ್ರೆ, ಅಕ್ಕಿ, ಅವಲಕ್ಕಿ, ಸ್ಪಾನರ್, ನೀರು ಇವೆಲ್ಲ ಫ್ರೇಮಿನ ತ್ರಿಕೋನದೊಳಗೆ, ಕೆಳಗೆ ಹೋಗಬೇಕು. ಹೀಗೆ ಹಂಚಿದ ಮೇಲೆ ನನ್ನ ಮುಂದಿನ ತೂಕ 3 ಕಿಲೋದೊಳಗೆ ಬಂತು. ಏರಿನಲ್ಲಿ ಹಾವಿನ ಆಟ ನಿಂತಿತು.

ಮೂರನೆಯದೇ ಅಪಾಯದ್ದು. ಇಳಿಜಾರಿನ ವೇಗದಲ್ಲಿ ಇಡೀ ಹ್ಯಾಂಡಲ್ ಸೆಕೆಂಡಿಗೆ ಹಲವು ಸಲ ನಡುಗುವುದು. ಇದಕ್ಕೆ ಶಿಮ್ಮಿ ಅನ್ನುತ್ತಾರೆ. ಬಂದಾಗ ಏನು ಮಾಡಬೇಕು ಅನ್ನುವುದನ್ನು ಮೊದಲೇ ತಿಳಿದಿರಬೇಕು, ಆಗ ಯೋಚಿಸಲು ಸಮಯ ಇರುವುದಿಲ್ಲ. ಹ್ಯಾಂಡಲ್ ಬಿಗಿ ಹಿಡಿಯಬೇಡಿ, ಹಿಡಿತ ಸ್ವಲ್ಪ ಸಡಿಲಿಸಿ. ಎರಡೂ ಮಂಡಿಗಳಿಂದ ಮೇಲಿನ ಕೊಳವೆಯನ್ನು ಅವುಚಿಕೊಳ್ಳಿ. ಸೀಟಿನಿಂದ ಭಾರವನ್ನು ಸ್ವಲ್ಪ ಎತ್ತಿ. ಬ್ರೇಕನ್ನು ಮೆಲ್ಲಗೆ, ಮುಖ್ಯವಾಗಿ ಹಿಂದಿನದನ್ನು ಹಿಡಿದು ವೇಗ ಇಳಿಸಿ. ನಡುಕ ನಿಲ್ಲುತ್ತದೆ.

ನಿಂತ ಮೇಲೆ ಪತ್ತೆ ಕೆಲಸ. ಉಜಿರೆಯ ಯಜಮಾನರು ಮಾಡಿದ ಪರೀಕ್ಷೆಯಿಂದಲೇ ಶುರು ಮಾಡಿ. ಮುಂದಿನ ಬ್ರೇಕ್ ಹಿಡಿಯಿರಿ. ಇನ್ನೊಂದು ಕೈಯ ಬೆರಳನ್ನು ಫ್ರೇಮ್ ಮತ್ತು ಹೆಡ್‌ಸೆಟ್ ಸೇರುವ ಸಂದಿಯ ಮೇಲೆ ಇಡಿ. ಸೈಕಲ್ಲನ್ನು ಹಿಂದೆ ಮುಂದೆ ಜಗ್ಗಿ. ಸಂದಿಯಲ್ಲಿ "ಟಕ್" ಅಂತ ಬೆರಳಿಗೆ ತಾಗಿದರೆ ಸಡಿಲವಿದೆ. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡ್‌ಗಳೇ ಸ್ವಲ್ಪ ಅಲ್ಲಾಡಿ ಮೋಸ ಮಾಡುತ್ತವೆ. ಅದಕ್ಕೆ ಹ್ಯಾಂಡಲ್ಲನ್ನು ಪೂರ್ತಿ ಅಡ್ಡ ತಿರುಗಿಸಿ ಇನ್ನೊಮ್ಮೆ ಜಗ್ಗಿ. ಆಗಲೂ ಟಕ್ ಅಂದರೆ ಅನುಮಾನವೇ ಇಲ್ಲ. ಈಗಿನ ಸೈಕಲ್‌ಗಳಲ್ಲಿ ಸ್ಟೆಮ್ಮಿನ (ಹ್ಯಾಂಡಲ್ಲನ್ನು ಫೋರ್ಕಿಗೆ ಸೇರಿಸುವ ತುಂಡು) ಪಕ್ಕದ ಎರಡು ಬೋಲ್ಟ್ ಸಡಿಲಿಸಿ, ಮೇಲಿನ ಮುಚ್ಚಳದ ಬೋಲ್ಟನ್ನು ಕಾಲು ಸುತ್ತಿನಷ್ಟು ಬಿಗಿಯಿರಿ. ಟಕ್ ಹೋಗಬೇಕು, ಹಾಗಂತ ಹ್ಯಾಂಡಲ್ ತಿರುಗುವುದು ಗಡುಸಾಗಬಾರದು. ಆಮೇಲೆ ಪಕ್ಕದ ಬೋಲ್ಟ್‌ಗಳನ್ನು ಸ್ಟೆಮ್ಮಿನ ಮೇಲೆ ಬರೆದಿರುವಷ್ಟೇ ಬಿಗಿಯಿರಿ, ಹೆಚ್ಚಿನವುಗಳ ಮೇಲೆ 5 ನ್ಯೂಟನ್ ಮೀಟರ್ (ಬಿಗಿತದ ಅಳತೆ) ಅಂತ ಇರುತ್ತದೆ. ಈ ಕೆಲಸದಲ್ಲಿ ಪಕ್ಕದವನ್ನು ಸಡಿಲಿಸದೆ ಮೇಲಿನದನ್ನೇ ತಿರುಗಿಸುತ್ತಾ ಕೂರುವವರು ಬಹಳ. ಹಾಗೆ ಮಾಡಿದರೆ ಏನೂ ಆಗುವುದಿಲ್ಲ, ಬೋಲ್ಟ್ ಹಾಳಾಗುತ್ತದೆ ಅಷ್ಟೇ.

ಹೆಡ್‌ಸೆಟ್ ಸರಿ ಇದ್ದರೆ ಮುಂದಿನ ಚಕ್ರ ತಿರುಗಿಸಿ ವಾಲಾಟ ನೋಡಿ, ಕಡ್ಡಿಗಳನ್ನು ಬೆರಳಿಂದ ಒತ್ತಿ ಸಡಿಲವಾದದ್ದು ಹುಡುಕಿ, ಟೈರಿನ ಗಾಳಿ ನೋಡಿ. ಸೀಟಿನ ಹಿಂದೆ ಕಟ್ಟಿದ ಬ್ಯಾಗು ಬಾಲದ ಹಾಗೆ ಬಡಿಯುತ್ತಿದೆಯೇ ಅನ್ನುವುದನ್ನೂ ನೋಡಿ. ಹಿಂದಿನ ತಪ್ಪಿಗೆ ಮುಂದಿನ ಬ್ಯಾಗು ಬೈಗುಳ ತಿನ್ನುವುದುಂಟು. ಎಲ್ಲ ಆದ ಮೇಲೆ, ಗೊತ್ತಿರುವ ಸಣ್ಣ ಇಳಿಜಾರಿನಲ್ಲಿ ಮುಂದಿನ ಬ್ಯಾಗು ಇಲ್ಲದೆ ಒಮ್ಮೆ, ಅರ್ಧ ತೂಕದಲ್ಲಿ ಒಮ್ಮೆ, ಪೂರ್ತಿ ತೂಕದಲ್ಲಿ ಒಮ್ಮೆ ಇಳಿಯಿರಿ. ಬ್ಯಾಗು ಇಲ್ಲದೆಯೂ ನಡುಕ ಬಂದರೆ ದಯವಿಟ್ಟು ಹೊಸ ಬ್ಯಾಗು ಕೊಳ್ಳಬೇಡಿ.

ಟೈರಿಗೆ ಉಜ್ಜುತ್ತಿದೆಯೋ ಅನ್ನುವ ಅನುಮಾನ

ಇದನ್ನು ಉಡಾಫೆ ಮಾಡಬಾರದು. ಬ್ಯಾಗು ಟೈರಿಗೂ ಫೋರ್ಕಿಗೂ ನಡುವೆ ಸಿಕ್ಕಿಕೊಂಡರೆ ಮುಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ಆಗ ನೀವು ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ.

ಮನೆಯಲ್ಲಿ ನಿಂತಾಗ ಅಂತರ ಚೆನ್ನಾಗಿಯೇ ಕಾಣುತ್ತದೆ. ಹಂಪ್ಸ್ ಹಾರಿದಾಗ ಏನಾಗುತ್ತದೆ ಅನ್ನುವುದು ಮುಖ್ಯ. ನಾನು ಮಾಡುವುದು ಇಷ್ಟು: ಟೈರಿನ ಮೇಲ್ಮೈಗೆ ಸೀಮೆಸುಣ್ಣ ಚೆನ್ನಾಗಿ ಉಜ್ಜುತ್ತೇನೆ. ಪೂರ್ತಿ ಸಾಮಾನು ತುಂಬಿ ಬೀದಿಯ ನಾಲ್ಕು ಹಂಪ್ಸ್ ದಾಟಿ ಬರುತ್ತೇನೆ. ಬ್ಯಾಗಿನ ತಳದಲ್ಲಿ ಬಿಳಿ ಗೆರೆ ಬಿದ್ದಿದ್ದರೆ ತಾಗಿದೆ. ರಂಗೋಲಿ ಪುಡಿಯಲ್ಲೂ ಪ್ರಯತ್ನಿಸಿದ್ದೆ. ಅದು ಗಾಳಿಗೆ ಹಾರಿ ಬ್ಯಾಗಿನ ತುಂಬ ಕೂತು ಯಾವ ಗೆರೆಯೂ ಗೊತ್ತಾಗಲಿಲ್ಲ, ಮನೆಯಲ್ಲಿ ಬೈಸಿಕೊಂಡದ್ದೇ ಬಂತು.

ಗಟ್ಟಿ ಫೋರ್ಕ್ ಇದ್ದರೆ ಟೈರಿಗೂ ಬ್ಯಾಗಿಗೂ ನಡುವೆ 5 ಸೆಂ.ಮೀ. ಬಿಡಿ. ಸಸ್ಪೆನ್ಷನ್ ಫೋರ್ಕ್ ಇದ್ದರೆ ಲೆಕ್ಕ ಬೇರೆ. 100 ಮಿ.ಮೀ. ಕುಗ್ಗುವ ಫೋರ್ಕಿನಲ್ಲಿ ಚಕ್ರ ಅಷ್ಟೂ ಮೇಲೆ ಬಂದು ಬ್ಯಾಗಿನ ಹತ್ತಿರ ಸೇರುತ್ತದೆ. ಹಾಗಾಗಿ 10 ಸೆಂ.ಮೀ. ಮೇಲೆ ಇನ್ನಷ್ಟು ಬೇಕು. ಗಾಳಿಯ ಫೋರ್ಕ್ ಆಗಿದ್ದರೆ ಈಗಿರುವ ಒತ್ತಡ ಬರೆದಿಟ್ಟುಕೊಂಡು, ಗಾಳಿ ಬಿಟ್ಟು, ಪೂರ್ತಿ ಅದುಮಿ ನೋಡಿದರೆ ಸತ್ಯ ಗೊತ್ತಾಗುತ್ತದೆ. ಆಗುಂಬೆ ಕಡೆಯ ಮಳೆಗಾಲದಲ್ಲಿ ಕೆಸರು ಟೈರಿಗೆ ಮೆತ್ತಿಕೊಂಡು ಈ ಅಂತರವನ್ನು ಇನ್ನೂ ತಿನ್ನುತ್ತದೆ.

ಸಣ್ಣ ಫ್ರೇಮಿನ ಸೈಕಲ್ ಇರುವವರಿಗೆ ಈ ಕಾಟ ಜಾಸ್ತಿ. ಅವರು ಕೊಳ್ಳುವಾಗ ಲೀಟರ್ ನೋಡದೆ ದಪ್ಪ ನೋಡಬೇಕು. 40 ಸೆಂ.ಮೀ. ಉದ್ದದ, ಸುತ್ತಿದ ಚಾಪೆಯಂಥ ಉರುಳೆ ಬ್ಯಾಗು 16 ಸೆಂ.ಮೀ. ದಪ್ಪ ಇದ್ದರೆ ಸುಮಾರು 8 ಲೀಟರ್ ಹಿಡಿಯುತ್ತದೆ. 20 ಸೆಂ.ಮೀ. ದಪ್ಪವಾದರೆ ಹನ್ನೆರಡೂವರೆ. ಬರೀ 4 ಸೆಂ.ಮೀ.ಗೆ ಇಷ್ಟು ಸಿಗುತ್ತದಲ್ಲ ಅಂತ ಆಸೆಯಾಗುತ್ತದೆ. ಆದರೆ ಟೈರಿಗೆ ತಾಗುವುದು ಆ 4 ಸೆಂ.ಮೀ.ಯೇ.

ದಾರಿಯಲ್ಲಿ ಬ್ಯಾಗು ಮುಂದಕ್ಕೆ ತಲೆ ಬಗ್ಗಿಸುತ್ತದೆ

ಹೊರಟಾಗ ನೆಟ್ಟಗಿದ್ದದ್ದು ಇಪ್ಪತ್ತು ಕಿಲೋಮೀಟರಿಗೆ ನೆಲ ನೋಡುತ್ತಿರುತ್ತದೆ. ಪಟ್ಟಿಯ ಬ್ಯಾಗಾದರೆ ಹ್ಯಾಂಡಲ್ ಟೇಪು ನುಣುಪಾಗಿ ಜಾರುತ್ತಿದೆ ಅಂತ ಅರ್ಥ. ಹಳೇ ಟ್ಯೂಬಿನ ತುಂಡನ್ನು ಹ್ಯಾಂಡಲ್‌ಗೆ ಬಿಗಿಯಾಗಿ ಸುತ್ತಿ ಅದರ ಮೇಲೆ ಪಟ್ಟಿ ಕಟ್ಟಿ. ನಮ್ಮ ಹಾಲಿನವರು ಕ್ಯಾನು ಕಟ್ಟಲು ತಲೆಮಾರುಗಳಿಂದ ಬಳಸಿದ್ದು ಇದೇ ಟ್ಯೂಬು. ಇದಕ್ಕಿಂತ ಒಳ್ಳೆಯ ಹಿಡಿತದ ವಸ್ತು ಪಂಕ್ಚರ್ ಅಂಗಡಿಯಲ್ಲಿ ಬಿಟ್ಟಿ ಸಿಗುವುದಿಲ್ಲ.

ಕ್ಲಾಂಪ್ ಹಾಕಿ ಬ್ಯಾಗನ್ನು ಕ್ಲಿಕ್ ಅಂತ ಸಿಕ್ಕಿಸುವ ಬಗೆಯದಾದರೆ ಹ್ಯಾಂಡಲಿನ ದಪ್ಪ ಅಳೆಯಿರಿ. ಕ್ಯಾಲಿಪರ್ ಬೇಕಿಲ್ಲ, ಒಂದು ದಾರ ಸಾಕು. ದಾರವನ್ನು ಒಂದು ಸುತ್ತು ಸುತ್ತಿ ಉದ್ದ ನೋಡಿ. 10 ಸೆಂ.ಮೀ. ಬಂದರೆ ಅದು 31.8 ಮಿ.ಮೀ. ಹ್ಯಾಂಡಲ್. 8 ಬಂದರೆ 25.4. 7 ಬಂದರೆ 22.2. ಈಗಿನ ಹ್ಯಾಂಡಲ್‌ಗಳು ಹೆಚ್ಚಾಗಿ ಸ್ಟೆಮ್ಮಿನ ಹತ್ತಿರ ಮಾತ್ರ 31.8 ಇದ್ದು, ಆಚೆ ಹೋದಂತೆ ಸಣ್ಣವಾಗುತ್ತವೆ. ಕ್ಲಾಂಪ್ ಆ ಇಳಿಜಾರಿನ ಮೇಲೆ ಕೂತರೆ ಎಷ್ಟು ಬಿಗಿದರೂ ಜಾರುತ್ತದೆ. ಕಾರ್ಬನ್ ಹ್ಯಾಂಡಲ್ ಇರುವವರು ಕ್ಲಾಂಪ್ ಹಾಕುವ ಮೊದಲು ತಯಾರಕರ ಕೈಪಿಡಿ ಓದಲೇಬೇಕು, ಹಲವರು ಬೇಡ ಅನ್ನುತ್ತಾರೆ.

ಹ್ಯಾಂಡಲ್ ತಿರುಗಿಸಿದರೆ ಗೇರ್ ತಾನಾಗಿ ಬೀಳುತ್ತದೆ

ಬ್ಯಾಗು ಕೇಬಲ್ ಮೇಲೆ ಕೂತಿದೆ. ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸುತ್ತಾ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಚೈನು ಕಟಕಟ ಅಂದರೆ ಅಥವಾ ಗೇರ್ ಬದಲಾದರೆ ಖಚಿತ. ಬ್ರೇಕ್ ಲಿವರನ್ನೂ ಬ್ಯಾಗು ಕಟ್ಟುವ ಮೊದಲು, ಕಟ್ಟಿದ ಮೇಲೆ ಒತ್ತಿ ಹೋಲಿಸಿ. ಕೇಬಲ್‌ಗಳನ್ನು ಬ್ಯಾಗಿನ ಮುಂದೆ ಬಿಡಬೇಕೋ ಹಿಂದೆ ಬಿಡಬೇಕೋ ಅನ್ನುವುದಕ್ಕೆ ಒಂದೇ ನಿಯಮ ಇಲ್ಲ. ಎಲ್ಲಿ ಬಿಟ್ಟರೆ ಕಡಿದಾಗಿ ಬಾಗುವುದಿಲ್ಲವೋ ಅಲ್ಲಿ ಬಿಡಿ. ಹ್ಯಾಂಡಲಿಗೂ ಬ್ಯಾಗಿಗೂ ನಡುವೆ ಎರಡು ಗಟ್ಟಿ ಫೋಮ್ ತುಂಡು ಇಟ್ಟರೆ ಕೇಬಲ್‌ಗೂ ಬೆರಳಿಗೂ ಜಾಗ ಸಿಗುತ್ತದೆ. ಹಳೇ ರಬ್ಬರ್ ಚಪ್ಪಲಿಯಿಂದ ಕತ್ತರಿಸಿದ ತುಂಡುಗಳು ನನ್ನ ಸೈಕಲ್ಲಿನಲ್ಲಿ ಮೂರನೇ ವರ್ಷಕ್ಕೆ ಕಾಲಿಟ್ಟಿವೆ. ದಪ್ಪ ಜಾಸ್ತಿ ಮಾಡಬೇಡಿ, ಬ್ಯಾಗು ಮುಂದೆ ಹೋದಷ್ಟೂ ಹ್ಯಾಂಡಲ್ ಭಾರವಾಗುತ್ತದೆ.

ಒಳಗೆ ಒದ್ದೆ

ಬಾಯಿ ಸುತ್ತುವ ಬ್ಯಾಗಾದರೆ ಕನಿಷ್ಠ 3 ಸುತ್ತು ಸುತ್ತಿದ್ದಿರಾ? ತುಂಬಿ ತುಳುಕುವ ಹಾಗೆ ತುಂಬಿ ಒಂದೇ ಸುತ್ತು ಹಾಕಿದ್ದರೆ ನೀರು ಬರುವುದು ಬ್ಯಾಗಿನ ತಪ್ಪಲ್ಲ. ಸರಿಯಾಗಿ ಮುಚ್ಚಿಯೂ ಒದ್ದೆಯಾದರೆ, ಒಳಗೆ ಹಳೇ ಪತ್ರಿಕೆ ತುಂಬಿ ಮುಚ್ಚಿ, ಬಚ್ಚಲಿನಲ್ಲಿ ಹತ್ತು ನಿಮಿಷ ಪೈಪಿನಿಂದ ನೀರು ಬಿಡಿ. ತೆಗೆದು ನೋಡಿದರೆ ಕಾಗದ ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ತೂತು. ಸೂಜಿಯಲ್ಲಿ ಹೊಲಿದ ಬ್ಯಾಗುಗಳಲ್ಲಿ ಹೊಲಿಗೆಯ ಗೆರೆ, ಪೆಟ್ಟಿಗೆ ಬ್ಯಾಗುಗಳಲ್ಲಿ ಜಿಪ್ಪು. ಬಿಸಿಯಲ್ಲಿ ಅಂಟಿಸಿದ ಜೋಡಣೆಯವು ಈ ವಿಷಯದಲ್ಲಿ ಮೇಲು.

ಒಳಗಿನ ಲೇಪ ಅಂಟಂಟಾಗಿ, ಸಿಪ್ಪೆ ಏಳುತ್ತಾ, ಹುಳಿ ವಾಸನೆ ಬರುತ್ತಿದ್ದರೆ ಮಾತ್ರ ರಿಪೇರಿ ಆಸೆ ಬಿಡಿ. ಪಿಯು (ಪಾಲಿಯುರೆಥೇನ್) ಲೇಪ ತೇವಕ್ಕೆ ಕಾಲಕ್ರಮೇಣ ಹೀಗೆ ಕೆಡುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಮಡಚಿ ಅಟ್ಟದ ಮೇಲೆ ಇಟ್ಟವರಿಗೆ ಬೇಗ ಕೆಡುತ್ತದೆ. ಬ್ಯಾಗು ಹೇಗೇ ಇರಲಿ, ಸ್ಲೀಪಿಂಗ್ ಬ್ಯಾಗನ್ನು ನಾನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕದೆ ಎಂದೂ ಇಟ್ಟಿಲ್ಲ.

ಲೈಟು ಮರೆಯಾಗುವುದು, ಪೇಂಟು ಸವೆಯುವುದು ಇವಕ್ಕೆ ಹೆಚ್ಚು ಬರೆಯಬೇಕಿಲ್ಲ. ಲೈಟನ್ನು ಫೋರ್ಕಿಗೆ ಇಳಿಸಿ. ಪಟ್ಟಿ ತಾಗುವಲ್ಲಿ ಪಾರದರ್ಶಕ ಟೇಪು ಅಂಟಿಸಿ, ಇಲ್ಲವೇ ಮತ್ತೆ ಅದೇ ಟ್ಯೂಬು.

ಇಷ್ಟಾದ ಮೇಲೂ ಹೊಸದೇ ಬೇಕಾದರೆ

ಈಗ ನಿಮಗೆ ನಿಮ್ಮ ಸೈಕಲ್ಲಿನ ಮೂರು ಅಳತೆ ಗೊತ್ತಿದೆ: ಟೈರಿನಿಂದ ಹ್ಯಾಂಡಲ್‌ವರೆಗಿನ ಎತ್ತರ, ಹ್ಯಾಂಡಲಿನ ದಪ್ಪ, ಮುಂದೆ ಹಾಕುವ ತೂಕ. ನಾಲ್ಕನೆಯದು ಅಗಲ. ಡ್ರಾಪ್ ಬಾರ್‌ನಲ್ಲಿ (ತುದಿ ಕೆಳಕ್ಕೆ ಬಾಗಿದ ಹ್ಯಾಂಡಲ್) ಎರಡು ಲಿವರ್‌ಗಳ ನಡುವೆ ಅಳೆದು, ಬೆರಳು ಆಡಲು ಎರಡೂ ಕಡೆ 2 ಸೆಂ.ಮೀ. ಕಳೆಯಿರಿ. 42 ಸೆಂ.ಮೀ. ಅಂತ ಕರೆಯುವ ಬಾರಿನಲ್ಲೂ ಉಳಿಯುವುದು 35 ಸೆಂ.ಮೀ. ಆಸುಪಾಸು. ಟೆಂಟಿನ ಕೋಲು ಮಡಚಿದಾಗ ಸಾಮಾನ್ಯವಾಗಿ 45 ಸೆಂ.ಮೀ. ಇರುತ್ತದೆ. ಅದು ಅಡ್ಡಡ್ಡ ಹೋಗುವುದಿಲ್ಲ. ಕೋಲುಗಳನ್ನು ಬೇರೆ ಮಾಡಿ ಫ್ರೇಮಿನ ಕೊಳವೆಗೆ ಕಟ್ಟಿದರೆ ಹಳೇ ಟೆಂಟಿನಲ್ಲೇ ಕೆಲಸ ನಡೆಯುತ್ತದೆ. ಇದೊಂದಕ್ಕೆ ಹೊಸ ಟೆಂಟು ಕೊಂಡವರನ್ನು ನೋಡಿದ್ದೇನೆ.

ನೇರ ಹ್ಯಾಂಡಲ್, ಮಣ್ಣಿನ ದಾರಿ ಅಂದರೆ ಉರುಳೆ ಬ್ಯಾಗು ಒಳ್ಳೆಯದು. ಅದರಲ್ಲೂ ಹೊರಗಿನ ಕಟ್ಟು ಹ್ಯಾಂಡಲಲ್ಲೇ ಉಳಿದು ಒಳಗಿನ ಚೀಲ ಮಾತ್ರ ಬಿಚ್ಚಿ ಬರುವಂಥದ್ದು. ರಾತ್ರಿ ಮಳೆಯಲ್ಲಿ ಪಟ್ಟಿ ಬಿಚ್ಚುತ್ತಾ ನಿಂತವರಿಗೆ ಇದರ ಬೆಲೆ ಗೊತ್ತು. ಡಾಂಬರು ರಸ್ತೆ, ಮೇಲಿಂದ ಮೇಲೆ ಕ್ಯಾಮೆರಾ, ಬಾಳೆಹಣ್ಣು, ಕಡಲೆಮಿಠಾಯಿ ತೆಗೆಯುವ ಅಭ್ಯಾಸ ಇದ್ದರೆ ಪೆಟ್ಟಿಗೆ ಬ್ಯಾಗು. ಆದರೆ ಅದನ್ನೇ ಕ್ಯಾಂಪಿಂಗ್ ಸಾಮಾನಿಗೆ ಬಳಸುವುದಾದರೆ ಕೆಳಗೊಂದು ಪುಟ್ಟ ಮುಂದಿನ ಕ್ಯಾರಿಯರ್ ಹಾಕಿಸಿ. ಟೈರಿಗೆ ತಾಗುವುದು, ತಲೆ ಬಗ್ಗಿಸುವುದು ಎರಡೂ ಒಂದೇ ಏಟಿಗೆ ಹೋಗುತ್ತವೆ. ಸಣ್ಣ ಫ್ರೇಮು, ಸಸ್ಪೆನ್ಷನ್ ಫೋರ್ಕು ಎರಡೂ ಇದ್ದರೆ ನನ್ನ ಸಲಹೆ: ಹ್ಯಾಂಡಲಲ್ಲಿ ತೆಳ್ಳಗಿನ 6-8 ಲೀಟರಿನ ಚೀಲ ಮಾತ್ರ, ಉಳಿದದ್ದು ಹಿಂದಿನ ಕ್ಯಾರಿಯರ್‌ಗೆ. ನೋಡಲು ಹಳೇ ಕಾಲದ್ದು ಅನಿಸಬಹುದು, ಅನಿಸಲಿ.

ಸರಿಹೊಂದುವ ಅಳತೆ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆಯ ಸೀಟ್ ಕವರ್ ಹೊಲಿಯುವವರನ್ನು ಕೇಳಿ ನೋಡಿ. ದಪ್ಪ ಟಾರ್ಪಾಲು, ಅಗಲ ಪಟ್ಟಿ, ಬಕಲ್ ಒಯ್ದು ಕೊಟ್ಟು, ಕಾಗದದಲ್ಲಿ ಅಳತೆ ಬರೆದು ಕೊಡಿ. ಮೂರನೇ ಪಟ್ಟಿಯನ್ನು ಮರೆಯದೆ ಹೇಳಿ.

ಟಕ್ ಟಕ್ ಸದ್ದು

ಇದೊಂದನ್ನು ನಾನು ಚಿಕ್ಕಮಗಳೂರಿನಿಂದ ಮೂಡಿಗೆರೆವರೆಗೆ ಹುಡುಕಿದ್ದೇನೆ. ಪ್ರತಿ ಗುಂಡಿಗೂ ಮುಂದಿನಿಂದ ಟಕ್. ಹೆಡ್‌ಸೆಟ್ ನೋಡಿದೆ, ಬಿಗಿ. ಸ್ಟೆಮ್ ಬಿಗಿ. ಕ್ಲಾಂಪ್ ಬಿಗಿ. ಮಡ್‌ಗಾರ್ಡ್ ಬಿಚ್ಚಿ ಕೈಯಲ್ಲಿ ಹಿಡಿದು ಎರಡು ಕಿಲೋಮೀಟರ್ ಹೋದೆ, ಆಗಲೂ ಟಕ್. ಕೊನೆಗೆ ಒಂದು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಇಡೀ ಬ್ಯಾಗು ಸುರಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಒಂದೊಂದೇ ಸಾಮಾನನ್ನು ನೋಡುತ್ತಿದ್ದವರು, ಸ್ಟೀಲ್ ಲೋಟದೊಳಗೆ ಬಿದ್ದಿದ್ದ ಟೆಂಟಿನ ಗೂಟವನ್ನು ಎತ್ತಿ ನನ್ನ ಕೈಗೆ ಕೊಟ್ಟರು.